ಸಮಾನ ವಸತಿ ಅಧ್ಯಯನದ ಖರ್ಚು: ನಾಲ್ಕು ನಗರಗಳು ಕೂಡಿದರೆ ಯಾರ ಪಾಲು ಎಷ್ಟು?

ಪ್ರಶ್ನೆ

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲಿಫೋರ್ನಿಯಾದ ಒಂದು ಸಣ್ಣ ನಗರದಲ್ಲಿ ವಾಸವಾಗಿದ್ದೇನೆ. ವೃತ್ತಿಯಿಂದ ಸಾಫ್ಟ್‌ವೇರ್‌ನವಳಾದರೂ ಕಳೆದ ವರ್ಷ ನಮ್ಮ ನಗರಾಡಳಿತದ ವಸತಿ ಸಲಹಾ ಆಯೋಗಕ್ಕೆ ಸದಸ್ಯೆಯಾಗಿ ನೇಮಕಗೊಂಡೆ. ಮುಂದಿನ ಸಭೆಗೆ ಒಂದು ಪ್ರಸ್ತಾವ ಬರಲಿದೆ. ಅಕ್ಕಪಕ್ಕದ ಮೂರು ನಗರಗಳ ಜೊತೆ ಸೇರಿ ಒಂದೇ ಫೇರ್ ಹೌಸಿಂಗ್ (ಸಮಾನ ವಸತಿ, ಅಂದರೆ ಭೇದವಿಲ್ಲದೆ ಎಲ್ಲರಿಗೂ ಮನೆ ಸಿಗುವುದು) ಅಧ್ಯಯನ ಮಾಡಿಸುವುದು, ಸಲಹಾ ಸಂಸ್ಥೆಯ ಶುಲ್ಕವನ್ನು ನಾಲ್ವರೂ ಸಮನಾಗಿ ಹಂಚಿಕೊಳ್ಳುವುದು ಎಂಬುದು ಅದರ ಸಾರಾಂಶ. ನಾಲ್ಕರಲ್ಲಿ ನಮ್ಮದೇ ಚಿಕ್ಕ ಊರು. ಕೇಂದ್ರದ ಸಮುದಾಯ ಅಭಿವೃದ್ಧಿ ಅನುದಾನ (ಸಿಡಿಬಿಜಿ) ನಮಗೆ ನೇರವಾಗಿ ಬರುವುದೂ ಇಲ್ಲ, ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕದ) ಮೂಲಕ ಬರುತ್ತದೆ. ಹೀಗಿರುವಾಗ ಸಮಪಾಲು ನ್ಯಾಯವೇ? ಸಮಾನ ವಸತಿಯ ಕುರಿತ ನಿಯಮವನ್ನೇ ಕೇಂದ್ರ ಸರಕಾರ ರದ್ದುಪಡಿಸಿದೆ ಎಂದು ಕೇಳಿದ ಮೇಲೆ ಅಧ್ಯಯನವೇ ಬೇಕೇ ಎಂದು ನಮ್ಮ ಆಯೋಗದ ಕೆಲವರು ಕೇಳುತ್ತಿದ್ದಾರೆ. ಈ ಗುಂಪಿನಲ್ಲಿ ನಗರ ಯೋಜನೆಯ ಕ್ಷೇತ್ರದಲ್ಲಿ ದುಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ನಗರ ಯೋಜಕರು)

ಮೇಡಂ, ತಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅಧ್ಯಯನವೇ ಬೇಡವೆಂದಾದರೆ ಪಾಲಿನ ಮಾತು ಉಳಿಯುವುದಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಫೇರ್ ಹೌಸಿಂಗ್ ಕಾಯ್ದೆ ಮನೆ ಮಾರುವಾಗ ಅಥವಾ ಬಾಡಿಗೆಗೆ ಕೊಡುವಾಗ ಜನಾಂಗ, ಬಣ್ಣ, ಧರ್ಮ ಮತ್ತು ರಾಷ್ಟ್ರಮೂಲದ ಆಧಾರದ ಮೇಲೆ ಭೇದ ಮಾಡುವುದನ್ನು ನಿಷೇಧಿಸಿತು. 1974ರಲ್ಲಿ ಲಿಂಗವೂ 1988ರಲ್ಲಿ ಅಂಗವೈಕಲ್ಯ ಹಾಗೂ ಮಕ್ಕಳಿರುವ ಕುಟುಂಬವೂ ಆ ಪಟ್ಟಿಗೆ ಸೇರಿದವು. ಭೇದ ಮಾಡದೆ ಸುಮ್ಮನಿದ್ದರೆ ಸಾಲದು, ಸಮಾನ ವಸತಿಯನ್ನು ಮುಂದೊತ್ತುವ ಕೆಲಸವೂ ಆಗಬೇಕು ಎಂಬ ಹೊಣೆ ಅದೇ ಕಾಯ್ದೆಯಲ್ಲಿದೆ. ಆ ಹೊಣೆಯನ್ನು ಯಾವ ಕಾಗದದ ಮೂಲಕ ತೋರಿಸಬೇಕು ಎಂಬುದು ಮಾತ್ರ ಸರಕಾರ ಬದಲಾದಂತೆ ಬದಲಾಗುತ್ತ ಬಂದಿದೆ. 2015ರಲ್ಲಿ ವಿಸ್ತಾರವಾದ ನಿಯಮ ಬಂತು, 2020ರಲ್ಲಿ ಅದನ್ನು ತೆಗೆದರು, 2021ರಲ್ಲಿ ಅರ್ಧ ಮರಳಿ ತಂದರು, 2025ರ ಮಾರ್ಚಿನಲ್ಲಿ ಪುನಃ ಕಿತ್ತುಹಾಕಿದರು. ಈಗ ಅನುದಾನ ಪಡೆಯುವ ಸಂಸ್ಥೆ ಸಾಮಾನ್ಯ ಸ್ವರೂಪದ ಒಂದು ದೃಢೀಕರಣ ಕೊಟ್ಟರೆ ಕೇಂದ್ರದ ವಸತಿ ಇಲಾಖೆಗೆ ಸಾಕು.

ಆದರೆ ತಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. 2018ರಲ್ಲಿ ಅಲ್ಲಿನ ಶಾಸನಸಭೆ ಎಬಿ 686 ಎಂಬ ಮಸೂದೆಯ ಮೂಲಕ ಈ ಹೊಣೆಯನ್ನು ರಾಜ್ಯದ ಕಾನೂನಾಗಿ ಮಾಡಿತು. ಕೇಂದ್ರವು ತನ್ನ 2015ರ ನಿಯಮವನ್ನು ಮುಂದೆ ತಿದ್ದಲಿ, ರದ್ದುಮಾಡಲಿ, ರಾಜ್ಯದ ಹೊಣೆಗೆ ಅದರಿಂದ ಬಾಧಕವಿಲ್ಲ ಎಂದು ಆ ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. ಹಾಗೆ ಬರೆದವರ ಮುಂದಾಲೋಚನೆಯನ್ನು ಮೆಚ್ಚಲೇಬೇಕು. 2021ರಿಂದ ಈಚೆಗೆ ಪರಿಷ್ಕರಿಸುವ ಪ್ರತಿಯೊಂದು ನಗರದ ಸಾಮಾನ್ಯ ಯೋಜನೆಯ ವಸತಿ ಅಧ್ಯಾಯದಲ್ಲಿ ಸಮಾನ ವಸತಿಯ ಮೌಲ್ಯಮಾಪನ ಇರಲೇಬೇಕು. ಆದ್ದರಿಂದ ಆಯೋಗದ ಗೆಳೆಯರ ಆಕ್ಷೇಪಕ್ಕೆ ಅಲ್ಲಿ ನೆಲೆಯಿಲ್ಲ.

ಇನ್ನು ಪಾಲಿನ ವಿಷಯ. ಜಂಟಿ ಅಧ್ಯಯನ ಹೊಸ ಪದ್ಧತಿಯೇನಲ್ಲ. ಅಲಮೀಡಾ ಕೌಂಟಿ ಮುಂದಾಳಾಗಿ ಓಕ್‌ಲ್ಯಾಂಡ್, ಬರ್ಕ್ಲಿ, ಫ್ರೀಮಾಂಟ್, ಹೇವರ್ಡ್ ಮೊದಲಾದ ನಗರಗಳನ್ನು ಕೂಡಿಸಿಕೊಂಡು 2020ರಲ್ಲಿ ಇಂಥ ಪ್ರಾದೇಶಿಕ ವರದಿಯನ್ನು ಹೊರತಂದಿತು. ಬಾಡಿಗೆ ಮಾರುಕಟ್ಟೆಗೆ ನಗರದ ಗಡಿ ಗೊತ್ತಿಲ್ಲ. ಒಂದು ಊರಿನಲ್ಲಿ ಮನೆ ಸಿಗದವರು ಪಕ್ಕದ ಊರಿಗೆ ಹೋಗುತ್ತಾರೆ, ಆ ಚಲನೆ ಒಂಟಿ ಊರಿನ ವರದಿಯಲ್ಲಿ ಕಾಣಿಸುವುದೇ ಇಲ್ಲ. ಜನಗಣತಿಯ ನಕ್ಷೆ, ಸಾಲದ ದತ್ತಾಂಶ, ಹಲವು ಭಾಷೆಗಳ ಪ್ರಶ್ನಾವಳಿ ಇವನ್ನೆಲ್ಲ ನಾಲ್ಕು ಬಾರಿ ಮಾಡಿಸುವುದು ದುಂದುಗಾರಿಕೆ.

ಹಂಚುವ ರೀತಿಗಳ ವ್ಯತ್ಯಾಸ ತಿಳಿಯಲು ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಅಧ್ಯಯನಕ್ಕೆ 2,40,000 ಡಾಲರ್ ಎನ್ನಿ. ದೊಡ್ಡ ನಗರದಲ್ಲಿ 2,40,000 ಜನ, ಎರಡನೆಯದರಲ್ಲಿ 1,20,000, ಉಳಿದೆರಡರಲ್ಲಿ ತಲಾ 60,000. ಸಮಪಾಲಾದರೆ ಪ್ರತಿ ನಗರಕ್ಕೂ 60,000 ಡಾಲರ್, ಅಂದರೆ ಚಿಕ್ಕ ಊರು ತಲೆಗೊಂದು ಡಾಲರ್ ತೆತ್ತರೆ ದೊಡ್ಡ ಊರು ಕಾಲು ಡಾಲರ್ ತೆರುತ್ತದೆ. ಜನಸಂಖ್ಯೆಯ ಪ್ರಕಾರವಾದರೆ 1,20,000, 60,000, 30,000, 30,000. ಆದರೆ ಜಂಟಿ ವರದಿಯಲ್ಲಿ ಚಿಕ್ಕ ಊರಿನ ಅಧ್ಯಾಯ ಬರೆಯಲು ಹಿಡಿಯುವ ದುಡಿಮೆ ಜನಸಂಖ್ಯೆಯಷ್ಟೇ ಕುಗ್ಗುವುದಿಲ್ಲ, ಸಭೆ ನಡೆಸಲು ಇಬ್ಬರು ಬರಲೇಬೇಕು, ವಲಯ ನಿಯಮಾವಳಿಯನ್ನು (ಎಲ್ಲಿ ಏನು ಕಟ್ಟಬಹುದು ಎಂಬ ನಿಯಮಗಳನ್ನು) ಪೂರ್ತಿ ಓದಲೇಬೇಕು ಎಂದು ದೊಡ್ಡ ನಗರದವರು ವಾದಿಸಿದರೆ ಅದರಲ್ಲೂ ಹುರುಳಿದೆ. ಹಾಗಾಗಿ ಒಟ್ಟು ಮೊತ್ತದ ಐದರಲ್ಲಿ ಒಂದು ಭಾಗವನ್ನು ಸಮನಾಗಿಯೂ ಉಳಿದದ್ದನ್ನು ತಲೆವಾರಾಗಿಯೂ ಹಂಚುವ ಮಿಶ್ರ ಪದ್ಧತಿ ನನಗೆ ಒಪ್ಪಿಗೆ. ಆಗ ಪಾಲುಗಳು 1,08,000, 60,000, 36,000, 36,000 ಆಗುತ್ತವೆ.

ಸಿಡಿಬಿಜಿ ಅನುದಾನ ಬಂದಷ್ಟಕ್ಕೆ ಅನುಗುಣವಾಗಿ ಹಂಚೋಣ ಎಂದು ಯಾರಾದರೂ ಹೇಳಿಯಾರು. ಮೇಲ್ನೋಟಕ್ಕೆ ಅಚ್ಚುಕಟ್ಟು, ನನಗೆ ಮಾತ್ರ ಇದು ಒಪ್ಪಿಗೆಯಿಲ್ಲ. ಆ ಅನುದಾನದ ಎರಡು ಸೂತ್ರಗಳಲ್ಲಿ ಒಂದರಲ್ಲಿ ಬಡತನಕ್ಕೆ ಶೇ. 50ರ ತೂಕವಿದೆ. ಇನ್ನೊಂದರಲ್ಲಿ 1940ಕ್ಕೂ ಹಿಂದಿನ ಮನೆಗಳಿಗೆ ಶೇ. 50, ಬಡತನಕ್ಕೆ ಶೇ. 30. ಹೀಗಾಗಿ ಬಡವರು ಹೆಚ್ಚಿರುವ ಹಳೆಯ ಊರಿಗೆ ಹೆಚ್ಚು ಅನುದಾನ, ಅದರ ಬೆನ್ನಿಗೇ ಹೆಚ್ಚು ಪಾಲು. ಅಪಾರ್ಟ್‌ಮೆಂಟ್ ಕಟ್ಟಲು ಬಿಡದ, ದೊಡ್ಡ ನಿವೇಶನಗಳ ಶ್ರೀಮಂತ ಊರು ಅಗ್ಗದಲ್ಲಿ ಪಾರಾಗುತ್ತದೆ. ಅಧ್ಯಯನ ಮುಖ್ಯವಾಗಿ ಪ್ರಶ್ನಿಸಬೇಕಾದ್ದು ಆ ಶ್ರೀಮಂತ ಊರನ್ನಲ್ಲವೇ?

ಮರುಪ್ರಶ್ನೆ (ಮೊದಲ ಪ್ರಶ್ನೆ ಕೇಳಿದವರು)

ವಿವರವಾದ ಉತ್ತರಕ್ಕೆ ಕೃತಜ್ಞತೆಗಳು, ಸರ್. ನಮಗೆ ನೇರ ಅನುದಾನವಿಲ್ಲದಿರುವಾಗ ನಮ್ಮ ಪರವಾಗಿ ಕೌಂಟಿಯೇ ಎಲ್ಲವನ್ನೂ ಭರಿಸಲಿ, ಸಹಿಯೂ ಅದರದೇ ಇರಲಿ ಎಂದು ನಮ್ಮ ಹಣಕಾಸು ಅಧಿಕಾರಿ ಹೇಳುತ್ತಾರೆ. ಅದು ಸರಿಯೇ?

ಉತ್ತರ

ಹಣ ಕೌಂಟಿಯದಾಗಬಹುದು. ಕೌಂಟಿಯು ತನ್ನ ಸಿಡಿಬಿಜಿ ಮೊತ್ತದಲ್ಲಿ ಯೋಜನೆ ಮತ್ತು ಆಡಳಿತಕ್ಕೆಂದು ಶೇ. 20ರ ಮಿತಿಯೊಳಗೆ ಖರ್ಚು ಮಾಡಬಹುದು, ಅಧ್ಯಯನದ ಶುಲ್ಕ ಅದೇ ಬಾಬ್ತಿಗೆ ಬರುತ್ತದೆ. ಅದೇ ಬಾಬ್ತಿನಿಂದ ಸಿಬ್ಬಂದಿಯ ಸಂಬಳವೂ ಹೋಗುವುದರಿಂದ ಕೌಂಟಿಯವರು ಮುಖ ಸಿಂಡರಿಸಿದರೆ ಆಶ್ಚರ್ಯಪಡಬೇಡಿ. ಹೊಣೆ ಮಾತ್ರ ಹಣದ ಜೊತೆ ವರ್ಗಾವಣೆಯಾಗುವುದಿಲ್ಲ. ಕೌಂಟಿಯೊಂದಿಗೆ ತಮ್ಮ ನಗರ ಮಾಡಿಕೊಂಡಿರುವ ಸಹಕಾರ ಒಪ್ಪಂದವನ್ನು ತೆರೆದು ನೋಡಿ. ತನ್ನ ವ್ಯಾಪ್ತಿಯಲ್ಲಿ ಸಮಾನ ವಸತಿಗೆ ಅಡ್ಡಿಯಾಗುವ ಊರಿಗೆ ಕೌಂಟಿ ಆ ಹಣವನ್ನು ಕೊಡುವಂತಿಲ್ಲ ಎಂಬ ಷರತ್ತು ಅದರಲ್ಲಿರುತ್ತದೆ.

ಇದಕ್ಕೆ ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರ್ ಕೌಂಟಿಯ ಪ್ರಕರಣವನ್ನು ಆಯೋಗದ ಎಲ್ಲರೂ ತಿಳಿದಿರಬೇಕು. ಆ ಕೌಂಟಿ ತನ್ನ ಪರವಾಗಿಯೂ ಕೂಟದಲ್ಲಿದ್ದ 45 ಪುರಸಭೆಗಳ ಪರವಾಗಿಯೂ ಅನುದಾನ ಪಡೆದು, ಸಮಾನ ವಸತಿಯನ್ನು ಮುಂದೊತ್ತುತ್ತಿದ್ದೇವೆ ಎಂದು ಬರೆದುಕೊಡುತ್ತಿತ್ತು. 2006ರಲ್ಲಿ ಒಂದು ನಾಗರಿಕ ಸಂಸ್ಥೆ ಸರಕಾರಕ್ಕೆ ಸುಳ್ಳು ಹೇಳಿ ಹಣ ಪಡೆದವರ ವಿರುದ್ಧದ ಕಾಯ್ದೆಯಡಿ ಮೊಕದ್ದಮೆ ಹೂಡಿತು. ಕೌಂಟಿಯ ಅಧ್ಯಯನ ಮನೆಯ ಬೆಲೆ, ಕೈಗೆಟುಕುವಿಕೆ ಇವನ್ನು ಚರ್ಚಿಸಿತ್ತೇ ಹೊರತು ಜನಾಂಗದ ಪ್ರಶ್ನೆಯನ್ನು ವಿಶ್ಲೇಷಿಸಿರಲಿಲ್ಲ. 2009ರ ಫೆಬ್ರುವರಿಯಲ್ಲಿ ನ್ಯಾಯಾಧೀಶೆ ಡೆನಿಸ್ ಕೋಟ್ ಅವರು ಆ ದೃಢೀಕರಣಗಳು ಸುಳ್ಳೆಂದು ತೀರ್ಮಾನಿಸಿದರು. ಅದೇ ಆಗಸ್ಟಿನಲ್ಲಿ ಆರು ಕೋಟಿ ಡಾಲರಿಗೂ ಮಿಕ್ಕಿದ ರಾಜಿಯಾಯಿತು, 750 ಮನೆಗಳನ್ನು ಕಟ್ಟಿಸಲು ಕೌಂಟಿ ಒಪ್ಪಬೇಕಾಯಿತು. ಇದರ ಮುಂದೆ ಮೂವತ್ತಾರು ಸಾವಿರದ ಪಾಲಿಗೆ ಚೌಕಾಸಿ ಮಾಡುವುದು ಅಷ್ಟು ದೊಡ್ಡ ಮಾತಲ್ಲ.

ಇನ್ನೊಬ್ಬ ಸದಸ್ಯರು (ಟೆಕ್ಸಾಸ್)

ನಾವು ಡಲ್ಲಾಸ್ ಉತ್ತರದ ಉಪನಗರದವರು. ಎಬಿ 686ರಂತಹ ಕಾನೂನು ನಮ್ಮಲ್ಲಿಲ್ಲ. ಹಾಗಾದರೆ 2025ರ ನಂತರ ನಮ್ಮ ಊರು ಜಂಟಿ ಅಧ್ಯಯನಕ್ಕೆ ಹಣ ಹಾಕುವುದರಲ್ಲಿ ಅರ್ಥವಿದೆಯೇ?

ಉತ್ತರ

ವರದಿ ಬರೆಯಲೇಬೇಕೆಂಬ ಕೇಂದ್ರದ ಒತ್ತಾಯ ಸದ್ಯಕ್ಕಿಲ್ಲ. 1968ರ ಕಾಯ್ದೆಯಡಿ ದಾವೆ ಹೂಡುವವರ ಹಕ್ಕು ಮಾತ್ರ ಹಾಗೆಯೇ ಇದೆ. ಉದ್ದೇಶ ಭೇದದ್ದಲ್ಲದಿದ್ದರೂ ಪರಿಣಾಮ ಭೇದದ್ದಾದರೆ ಆ ಕಾಯ್ದೆಯಡಿ ಪ್ರಶ್ನಿಸಬಹುದು ಎಂದು ಸುಪ್ರೀಂ ಕೋರ್ಟ್ 2015ರ ಜೂನಿನಲ್ಲಿ ತೀರ್ಪಿತ್ತದ್ದು ತಮ್ಮ ಡಲ್ಲಾಸ್ ಪ್ರದೇಶದ ಪ್ರಕರಣದಲ್ಲೇ. ತಮ್ಮಲ್ಲಿ ಆರ್ಲಿಂಗ್ಟನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ ಹಲವು ನಗರಗಳಿಗಾಗಿ ಪ್ರಾದೇಶಿಕ ವಸತಿ ಮೌಲ್ಯಮಾಪನವನ್ನು ಮಾಡಿಕೊಟ್ಟಿದ್ದೂ ಉಂಟು. ಸಲಹಾ ಸಂಸ್ಥೆಯ ಬದಲು ವಿಶ್ವವಿದ್ಯಾಲಯವನ್ನು ಹಿಡಿಯುವುದು ಒಂದು ಒಳ್ಳೆಯ ದಾರಿ. ವಿಧಾನ ಗಟ್ಟಿಯಿರುತ್ತದೆ, ವರದಿ ಬರುವುದು ತಡವಾಗಬಹುದು.

ಮರುಪ್ರಶ್ನೆ (ಮೊದಲ ಪ್ರಶ್ನೆ ಕೇಳಿದವರು)

ಕೊನೆಯದಾಗಿ, ಸರ್, ಒಡಂಬಡಿಕೆಯ ಕರಡು ನಮ್ಮ ಕೈಗೆ ಬಂದಾಗ ಯಾವ ಕಲಮುಗಳನ್ನು ಹುಡುಕಬೇಕು?

ಉತ್ತರ

ನಡುವೆ ಒಂದು ನಗರ ಹಿಂದೆ ಸರಿದರೆ ಅದರ ಪಾಲು ಯಾರ ತಲೆಗೆ ಎಂಬುದನ್ನು ಮೊದಲು ಹುಡುಕಿ. ಬಹಳಷ್ಟು ಕರಡುಗಳು ಈ ಕುರಿತು ಮೌನವಾಗಿರುತ್ತವೆ, ಮೌನವಿದ್ದಲ್ಲಿ ಮುಂದಾಳು ನಗರ ಉಳಿದವರಿಗೆ ಬಿಲ್ಲು ಕಳಿಸುತ್ತದೆ. ಟೆಂಡರಿಗೆ ಅರ್ಜಿ ಕರೆಯುವ ಮೊದಲೇ ಸರಿಯಲು ಅವಕಾಶವಿರಲಿ, ಗುತ್ತಿಗೆಗೆ ಸಹಿ ಬಿದ್ದ ಮೇಲೆ ಬೇಡ. ಒಂದು ನಗರ ಮಾತ್ರ ಕೇಳುವ ಹೆಚ್ಚುವರಿ ಕೆಲಸದ ಖರ್ಚು ಆ ನಗರದ್ದೇ ಆಗಲಿ. ಮುಂದಾಳಿನ ಸಿಬ್ಬಂದಿ ಸಮಯಕ್ಕೆ ಹಣ ಕೊಡುವುದಾದರೆ ಅದಕ್ಕೊಂದು ಗರಿಷ್ಠ ಮಿತಿ ಹಾಕಿ.

ಇವೆಲ್ಲಕ್ಕಿಂತ ನಾನು ಹೆಚ್ಚು ಒತ್ತಿ ಹೇಳುವುದು ಸ್ಥಳೀಯ ಅಧ್ಯಾಯದ ಬಗ್ಗೆ. ಹಿಂದೊಮ್ಮೆ ಇಂಥ ಜಂಟಿ ವರದಿಯ ಕರಡನ್ನು ನಾನು ತಿದ್ದುತ್ತಿದ್ದಾಗ ಒಂದು ಊರಿನ ಅಧ್ಯಾಯದಲ್ಲಿ ಪಕ್ಕದ ಊರಿನ ಬಸ್ಸಿನ ಸಂಖ್ಯೆ ಕಣ್ಣಿಗೆ ಬಿತ್ತು. ಊರಿನ ಹೆಸರನ್ನು ಕಂಪ್ಯೂಟರಿನಲ್ಲಿ ಒಂದೇ ಸಲಕ್ಕೆ ಬದಲಿಸಿ ಉಳಿದದ್ದನ್ನು ಹಾಗೇ ಅಂಟಿಸಿದ್ದರು. ಆ ಊರಿನ ಗ್ರಂಥಾಲಯದಲ್ಲಿ ನಡೆದ ಸಂಜೆಯ ಸಭೆಯಲ್ಲಿ ಒಬ್ಬ ತಾಯಿ, ಎರಡು ಮಕ್ಕಳಿವೆ ಎಂದೊಡನೆ ಮನೆಯ ಮಾಲೀಕರು ಮೇಲಿನ ಮಹಡಿಯ ಮನೆ ಖಾಲಿಯಿಲ್ಲವೆಂದು ಹೇಳಿದರು, ಮರುದಿನ ಗೆಳತಿ ಕೇಳಿದಾಗ ಖಾಲಿಯಿತ್ತು ಎಂದು ವಿವರಿಸಿದ್ದರು. 1988ರ ತಿದ್ದುಪಡಿ ತಡೆಯಲು ಹೊರಟದ್ದು ನೇರವಾಗಿ ಇದನ್ನೇ. ವರದಿಯಲ್ಲಿ ಆಕೆಯ ಮಾತು ಒಂದು ಸಾಲೂ ಇರಲಿಲ್ಲ, ಆದರೆ ಆ ಊರು ಪೂರ್ತಿ ಪಾಲು ಕಟ್ಟಿಯಾಗಿತ್ತು. ಆದ್ದರಿಂದ ತಮ್ಮ ಊರಿನಲ್ಲಿ ಕನಿಷ್ಠ ಎರಡು ಸಭೆ, ತಮ್ಮ ವಲಯ ನಿಯಮಗಳ ಪ್ರತ್ಯೇಕ ಪರಿಶೀಲನೆ, ತಮ್ಮ ಊರಿಗೆಂದೇ ಗಡುವಿನ ಸಮೇತ ಗುರಿಗಳು ಎಂದು ಕೆಲಸದ ಪಟ್ಟಿಯಲ್ಲಿ ಬರೆಸಿ. ತಮ್ಮ ಪಾಲಿನ ಕೊನೆಯ ಹತ್ತರಲ್ಲೊಂದು ಭಾಗವನ್ನು ತಮ್ಮ ನಗರ ಮಂಡಳಿ ಆ ಅಧ್ಯಾಯವನ್ನು ಒಪ್ಪಿ ಠರಾವು ಮಾಡುವವರೆಗೆ ತಡೆಹಿಡಿಯುವ ಕಲಮನ್ನೂ ಸೇರಿಸಿ.