ಬಳ್ಳಾರಿ ರೋಡಿಗೆ ಯಾವ ಕಾರ್ಬನ್ ಫ್ರೇಮ್? ಟಾರ್ಮ್ಯಾಕ್ ಎಸ್‌ಎಲ್8, ಸೂಪರ್‌ಸಿಕ್ಸ್, ಟಿಸಿಆರ್

ಬಳ್ಳಾರಿ_ಪೆಡಲ್:
ಅಣ್ಣಾ, ಆರು ವರ್ಷದಿಂದ ಅಲ್ಯುಮಿನಿಯಂ ಸೈಕಲ್ಲೇ ತುಳೀತಿದೀನಿ, ಈ ಸಲ ಒಳ್ಳೆ ಕಾರ್ಬನ್ ಫ್ರೇಮ್ ತಗೊಂಡು ಪಾರ್ಟ್ಸ್ ಬೇರೆ ಹಾಕಿಸ್ಬೇಕು ಅಂತ ದುಡ್ಡು ಕೂಡಿಟ್ಟಿದೀನಿ. ಸ್ಪೆಷಲೈಸ್ಡ್ ಕಂಪನಿಯ ಮೇಲ್ದರ್ಜೆ ಎಸ್-ವರ್ಕ್ಸ್ ಟಾರ್ಮ್ಯಾಕ್ ಎಸ್‌ಎಲ್8 ಮೇಲೆ ಕಣ್ಣೈತೆ, ಫ್ರೇಮ್ 685 ಗ್ರಾಂ ಅಂತ ಕಂಪನಿ ಹೇಳ್ತೈತೆ. ಅದೇ ಟಾರ್ಮ್ಯಾಕ್ ಫ್ಯಾಕ್ಟ್ 10ಆರ್ ಅನ್ನೋ ಕೆಳಗಿನ ದರ್ಜೆ ಕಾರ್ಬನ್‌ನಲ್ಲಿ 780 ಗ್ರಾಂ, ರೇಟು ಬಹಳ ಕಮ್ಮಿ. ಇನ್ನೊಂದ್ಕಡೆ ಕ್ಯಾನನ್‌ಡೇಲ್ ಸೂಪರ್‌ಸಿಕ್ಸ್ ಇವೋ, ಜೈಂಟ್ ಟಿಸಿಆರ್ ಇದಾವೆ. ನಾನು ರೇಸ್ ಮಾಡಲ್ಲ, ಭಾನುವಾರ ಬೆಳಿಗ್ಗೆ ಐದಕ್ಕೆ ಬಿಟ್ಟು ಸಂಡೂರು ಕಡೆ ಗುಡ್ಡ ಹತ್ತಿ ವಾಪಸ್ ಬರೋದು ಅಷ್ಟೇ, ದಾರಿ ತುಂಬ ಅದಿರು ಲಾರಿ, ಕೆಂಪು ಧೂಳು, ಮೇ ತಿಂಗಳು ಬಂದ್ರೆ ಬಿಸಿಲು ಗೊತ್ತೇ ಐತಲ್ಲ. ಆ ಬಿಸಿಲಿಗೆ ಕಾರ್ಬನ್ ಏನಾದ್ರೂ ಆಗ್ತೈತಾ? ಜಾಸ್ತಿ ದುಡ್ಡು ಕೊಟ್ರೆ ವ್ಯತ್ಯಾಸ ಕಾಲಿಗೆ ಗೊತ್ತಾಗ್ತೈತಾ?

ರಾಯಚೂರು_ರೈಡರ್:
ಮೊದ್ಲು ಲೆಕ್ಕ ಹಾಕ್ರಿ. ಎರಡು ಟಾರ್ಮ್ಯಾಕಿನ ಫರಕು 95 ಗ್ರಾಂ. ನೀವು, ಸೈಕಲ್, ನೀರು ಎಲ್ಲಾ ಕೂಡಿ 80 ಕೆಜಿ ಅಂತ ಹಿಡದ್ರ 20 ನಿಮಿಷದ ಏರಿನಾಗ ಒಂದೂವರಿ ಸೆಕೆಂಡ್ ಸುದ್ದಾ ಉಳಿಯಂಗಿಲ್ಲ. ಎರಡರ ಆಕಾರ ಒಂದೇ, ಗಾಳಿ ಸೀಳೋದ್ರಾಗ ಫರಕು ಇಲ್ಲ. ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ರೇಸಿನಾಗ ಇಡೀ ಸೈಕಲ್ 6.8 ಕೆಜಿಗಿಂತ ಹಗುರ ಇರಂಗಿಲ್ಲ, ನೀವು ರೇಸೇ ಮಾಡಲ್ಲ ಅಂದಮ್ಯಾಲ ಆ 95 ಗ್ರಾಮಿಗೆ ಅಷ್ಟು ರೊಕ್ಕ ಯಾಕ?

ನಮ್ಮ ಕಡೆ ನೋಡಬೇಕಾಗಿದ್ದು ಬಾಟಮ್ ಬ್ರ್ಯಾಕೆಟ್, ಅಂದ್ರ ಪೆಡಲ್ ಅಚ್ಚು ತಿರುಗೋ ಬೇರಿಂಗ್ ಜಾಗ. ನನ್ನ ಹಳೇ ಫ್ರೇಮಿಂದು ಪ್ರೆಸ್‌ಫಿಟ್ (ಒತ್ತಿ ಕೂಡಿಸೋದು) ಇತ್ತು, ಧೂಳು ಒಳಗ ಸೇರಿ ಪ್ರತಿ ಪೆಡಲಿಗೆ ಕಿರ್ ಕಿರ್ ಅಂತಿತ್ತು, ಅದನ್ನ ಬಿಚ್ಚಿಸಾಕ ಹೈದರಾಬಾದಿಗೆ ಎರಡು ಸಲ ಹೋಗೇನಿ, ಅಲ್ಲಿ ಗ್ರೀಸ್ ಹಚ್ಚಿ ಕೊಟ್ರು, ತಿಂಗಳಿಗೆ ಮತ್ತ ಅದೇ ಕಥಿ. ಟಾರ್ಮ್ಯಾಕ್ ಎಸ್‌ಎಲ್8, 2023ರ ಸೂಪರ್‌ಸಿಕ್ಸ್ ಇವೋ ಎರಡಕ್ಕೂ ಬಿಎಸ್‌ಎ ಥ್ರೆಡ್ (ತಿರುಗಿಸಿ ಕೂಡಿಸೋ ಮರಿ) ಅದ, ಮನ್ಯಾಗೇ ಬಿಚ್ಚಿ ಒರಸಿ ಹಾಕಬಹುದು. ಟಿಸಿಆರ್ ಛಲೋ ಫ್ರೇಮ್, ಆದ್ರ ಪ್ರೆಸ್‌ಫಿಟ್. ನಾನಂತೂ ಮತ್ತ ಆ ದಾರಿಗೆ ಹೋಗಂಗಿಲ್ಲ.

ಗಂಗಾವತಿ_ಗಾಳಿ:
ಬಿಸಿಲಿಗೆ ಹೆದರಬ್ಯಾಡ್ರಿ. ಇಂಥ ಫ್ರೇಮಿನ ರೆಸಿನ್ (ಕಾರ್ಬನ್ ಎಳಿ ಹಿಡಿದಿಡೋ ಅಂಟು) ಮೆತ್ತಗಾಗಾಕ ಸಾಮಾನ್ಯವಾಗಿ 100 ಡಿಗ್ರಿ ದಾಟಬೇಕು. ಬಿಸಿಲಿಗಿಂತ ಬೆವರು ಕೆಟ್ಟದ್ದು, ಉಪ್ಪು ಹೆಡ್‌ಸೆಟ್ (ಹ್ಯಾಂಡಲ್ ತಿರುಗೋ ಜಾಗ) ಬೇರಿಂಗಿಗೆ ಇಳಿದು ತುಕ್ಕು ಹಿಡಿತೈತಿ. ನೀವು ಹೇಳಿದ ಫ್ರೇಮಿನಾಗ ಬ್ರೇಕ್ ಪೈಪು ಹೆಡ್‌ಸೆಟ್ ಒಳಗಿಂದಾನೇ ಹೋಗ್ತಾವು, ಮ್ಯಾಲಿನ ಬೇರಿಂಗ್ ಬದಲಿಸ್ಬೇಕಂದ್ರ ಬಹಳ ಸಲ ಪೈಪು ಬಿಚ್ಚಿ ಬ್ರೇಕ್ ಬ್ಲೀಡ್ ಮಾಡಬೇಕು (ಪೈಪಿನಾಗಿನ ಗಾಳಿ ತಗೀಬೇಕು), ನಮ್ಮೂರಾಗ ಅದನ್ನ ಯಾರು ಮಾಡ್ತಾರ ಹೇಳ್ರಿ? ಅದಕ್ಕ ಸ್ಪೆಷಲೈಸ್ಡ್ ಕಂಪನಿದೇ 2020ರ ಎಥೋಸ್ ಫ್ರೇಮ್ ಸಿಕ್ರ ನೋಡ್ರಿ. ಪೈಪು ಹೊರಗಿಂದ ಬಂದು ಡೌನ್‌ಟ್ಯೂಬಿನಾಗ (ಫ್ರೇಮಿನ ಕೆಳಗಿನ ಕೊಳವಿ) ಹೋಗ್ತೈತಿ, ಬಿಎಸ್‌ಎ ಥ್ರೆಡ್, ಎಸ್-ವರ್ಕ್ಸ್ ಫ್ರೇಮ್ 585 ಗ್ರಾಂ. ಏರೋ (ಗಾಳಿ ಸೀಳೋ ಆಕಾರ) ಅಲ್ಲ, ಹೊಸಪೇಟೆ ರೋಡಿನಾಗ ಎದುರುಗಾಳಿ ಬಂದ್ರ ಗೊತ್ತಾಗ್ತೈತಿ, ಅದನ್ನ ಮುಚ್ಚಿಡಾಂಗಿಲ್ಲ.

ಇನ್ನ ಹೈ ಮಾಡ್ಯುಲಸ್ (ಬಿಗಿ ಜಾಸ್ತಿ ಇರೋ) ಕಾರ್ಬನ್ ಅಂದ್ರ ಗಟ್ಟಿ ಅಂತ ಎಲ್ಲಾರೂ ತಿಳಕೊಂಡಾರ. ಟೋರೇ ಕಂಪನಿಯ ಟಿ700 ಕಾರ್ಬನ್ ಎಳಿ ಮಾಡ್ಯುಲಸ್ 230 ಗಿಗಾಪಾಸ್ಕಲ್, ಅದರದ್ದೇ ಹೈ ಮಾಡ್ಯುಲಸ್ ಎಳಿ ಎಂ40ಜೆ 377. ಆದ್ರ ಮುರಿಯೋಕಿಂತ ಮೊದ್ಲು ಟಿ700 ಶೇ 2.1ರಷ್ಟು ಹಿಗ್ಗತೈತಿ, ಎಂ40ಜೆ 1.2 ಅಷ್ಟೇ. ಬಿಗಿ ಬ್ಯಾರೆ, ಪೆಟ್ಟು ತಡಿಯೋದು ಬ್ಯಾರೆ. ಲಾರಿಯಿಂದ ಉದುರಿದ ಅದಿರು ಕಲ್ಲು ಸಿಡಿಯೋ ದಾರಿಗೆ ನಾನು 10ಆರ್ ಸಾಕು ಅಂತೀನಿ.

ಬಳ್ಳಾರಿ_ಪೆಡಲ್:
ಸೂಪರ್‌ಸಿಕ್ಸ್‌ಗೆ 34 ಎಂಎಂ ಟೈರ್ ಹಿಡೀತೈತೆ, ಟಾರ್ಮ್ಯಾಕ್‌ಗೆ 32. ನಾನು ಹಾಕೋದು 30. ಆ ಎರಡು ಎಂಎಂ ಬಗ್ಗೆ ತಲೆ ಕೆಡಿಸ್ಕೋಬೇಕಾ?

ರಾಯಚೂರು_ರೈಡರ್:
ಕೆಡಿಸ್ಕೋಬೇಕು. ಒಂದು ಮಳಿ ಆಗ್ಲಿ, ಹೊಲದಿಂದ ಟ್ರ್ಯಾಕ್ಟರ್ ರೋಡಿಗೆ ತಂದ ಎರಿ ಮಣ್ಣು ಟೈರಿಗೆ ಮೆತ್ತಿಕೊಂಡು, ಅದರಾಗ ಸಣ್ಣ ಕಲ್ಲು ಕೂಡಿ ಚೈನ್‌ಸ್ಟೇ (ಹಿಂದಿನ ಚಕ್ರದ ಪಕ್ಕದ ಕೆಳಗಿನ ಕೊಳವಿ) ಒಳಗ ಉಜ್ಜತದ, ಮೊದ್ಲು ಪೇಂಟ್ ಹೋಗ್ತದ, ನೀವು ಇಳಿದು ಕೆರಿಲಿಲ್ಲಂದ್ರ ಕಾರ್ಬನ್ ಎಳಿಗೇ ಬರ್ತದ. ಸಿಂಧನೂರು ದಾರ್‍ಯಾಗ ನನ್ನ ಗೆಳೆಯಂದು ಹಂಗ ಆಗ್ಯದ, ರಿಪೇರಿಗೆ ಫ್ರೇಮ್ ಊರು ಬಿಟ್ಟು ಕಳಸಬೇಕಾಯ್ತು. ಜಾಗ ಎಷ್ಟಿದ್ರ ಅಷ್ಟು ಛಲೋ, ಅದಕ್ಕ ನನ್ನ ಓಟು ಸೂಪರ್‌ಸಿಕ್ಸಿಗೆ. ಯಾವ್ದೇ ತಗೊಳ್ರಿ, ಚೈನ್‌ಸ್ಟೇ ಒಳಗ ದಪ್ಪನ ಪ್ರೊಟೆಕ್ಷನ್ ಟೇಪ್ ಅಂಟಿಸಿ ಆಮ್ಯಾಲ ಚಕ್ರ ಹಾಕ್ರಿ.

ಗಂಗಾವತಿ_ಗಾಳಿ:
ಸೀಟ್‌ಪೋಸ್ಟಿಗೆ ಗ್ರೀಸ್ ಅಲ್ಲ, ಜಾರದಂಗ ಹಿಡಿಯೋ ಕಾರ್ಬನ್ ಪೇಸ್ಟ್ ಹಚ್ರಿ. ಟಾರ್ಕ್, ಅಂದ್ರ ಎಷ್ಟು ಬಿಗಿ ಮಾಡಬೇಕಂತ ಕ್ಲ್ಯಾಂಪ್ ಮ್ಯಾಲೇ ಬರದಿರ್ತೈತಿ. ಅಂದಾಜಿಗೆ ಬಿಗಿ ಮಾಡೋ ಅಂಗಡ್ಯಾಗ ಕೊಟ್ಟು ನಾನು ಒಂದು ಫ್ರೇಮ್ ಕಳ್ಕೊಂಡೀನಿ, ಸೀಟ್‌ಟ್ಯೂಬ್ ಮ್ಯಾಲೆ ಕೂದಲಿನಷ್ಟು ಸೀಳು ಬಂದಿತ್ತು. ಟಾರ್ಕ್ ರೆಂಚ್ ಬೇಕಾದ್ರ ಹೇಳ್ರಿ, ನನ್ನ ಹತ್ರ ಐತಿ, ಫ್ರೇಮ್ ಬಂದ ವಾರ ನಾನೇ ಬಳ್ಳಾರಿಗೆ ತರ್ತೀನಿ.