ಅಪ್‌ಡೇಟ್: ನನ್ನ ಚಿತ್ರಪುಸ್ತಕದ ಕಥೆಯನ್ನು ಏಜೆಂಟ್ ಕೊನೆಗೂ ಓದಿದರು

ಮೂರು ವಾರದ ಹಿಂದೆ ಕೇಳಿದ್ದೆ: ಮುಂಬೈನ ಮಾಟುಂಗಾದ ಹೂವಿನಂಗಡಿ ಅಜ್ಜಿಯ ಬಗ್ಗೆ ಕನ್ನಡದಲ್ಲಿ ಬರೆದು, ನಾನೇ ಇಂಗ್ಲಿಷಿಗೆ ತಂದ ಮಕ್ಕಳ ಕಥೆಯನ್ನು ಯಾವ ಸಾಹಿತ್ಯ ಏಜೆಂಟರೂ (ಲೇಖಕರ ಪರವಾಗಿ ಪ್ರಕಾಶಕರ ಹತ್ತಿರ ಮಾತಾಡುವವರು) ಒಪ್ಪುತ್ತಿಲ್ಲ, ಏನು ಮಾಡಲಿ ಅಂತ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಕೆಲಸಕ್ಕೆ ಬಂದದ್ದು 'ಡಮ್ಮಿ ಮಾಡಿ ನೋಡಿ', ಅಂದರೆ ಪುಸ್ತಕದ ಕಚ್ಚಾ ಮಾದರಿ ಮಾಡಿ ಅನ್ನೋ ಸಲಹೆ. ಎಂಟು ಹಾಳೆ ಮಧ್ಯಕ್ಕೆ ಮಡಚಿ 32 ಪುಟದ ಪುಸ್ತಕ ಹೊಲಿದೆ. ಶೀರ್ಷಿಕೆ, ಹಕ್ಕುಸ್ವಾಮ್ಯದ ಪುಟ ಬಿಟ್ಟರೆ ಕಥೆಗೆ ಎಷ್ಟು ಕಡಿಮೆ ಜಾಗ ಅಂತ ಆಗಲೇ ಕಣ್ಣಿಗೆ ಬಿತ್ತು. ನನ್ನ 1,100 ಪದ ಅಲ್ಲಿ ಹಿಡಿಯಲೇ ಇಲ್ಲ. ಹಳದಿ ಸೇವಂತಿಗೆ, ನೀಲಿ ಟಾರ್ಪಾಲು, ಅಜ್ಜಿಯ ಸೀರೆಯ ಬಣ್ಣ ಇವೆಲ್ಲ ಚಿತ್ರವೇ ಹೇಳುವ ಮಾತು, ತೆಗೆದುಹಾಕಿದೆ. ಸಂಕಟವಾಯಿತು, ನಿಜ. 480ಕ್ಕೆ ಇಳಿಯಿತು. ಕಥೆಯಲ್ಲಿ ಕಾಣೆಯಾಗುವ ಬುಟ್ಟಿ ಎಲ್ಲಿ ಹೋಯಿತು ಅನ್ನುವುದು ಪುಟ ತಿರುಗಿಸಿದ ಮೇಲೆಯೇ ಗೊತ್ತಾಗುತ್ತೆ ಈಗ.

ಕೈಯಿಂದ ದುಡ್ಡು ಕೊಟ್ಟು ಚಿತ್ರ ಬರೆಸಿ ಅನ್ನೋ ಸಲಹೆ ಬೇಕಾಗಲಿಲ್ಲ. ಕಲಾವಿದರನ್ನು ಸಾಮಾನ್ಯವಾಗಿ ಪ್ರಕಾಶಕರೇ ಆರಿಸುತ್ತಾರಂತೆ. ಪ್ರಾಸ ಹಾಕಿ ನೋಡಿದ್ದೂ ಕೈಕೊಟ್ಟಿತು, ಇಂಗ್ಲಿಷಿಗೆ ಬಂದಾಗ ಎಳೆದಾಡಿದಂತಿತ್ತು.

ಗೊತ್ತಿಲ್ಲದೆ ಇದ್ದದ್ದು: ಲೇಖಕರಿಗೆ ಬರುವ ಹಣದಲ್ಲಿ ಏಜೆಂಟರ ಪಾಲು ಸಾಮಾನ್ಯವಾಗಿ ಶೇ. 15ರ ಆಸುಪಾಸು, ಅದೂ ಪುಸ್ತಕ ಪ್ರಕಾಶಕರಿಗೆ ಮಾರಾಟವಾದ ಮೇಲೆ. ಓದುವುದಕ್ಕೇ ಮೊದಲು ಶುಲ್ಕ ಕೇಳಿದರೆ ದೂರವಿರಿ.

ಏಜೆಂಟ್ ಓದಿದರೂ ಒಪ್ಪಂದ ಇನ್ನೂ ಆಗಿಲ್ಲ. ಒಂದೇ ಕಥೆ ನೋಡಿ ತೀರ್ಮಾನಿಸಲಾಗದು, ಇನ್ನೆರಡು ಕಳಿಸಿ ಅಂದಿದ್ದಾರೆ. ಎರಡನೆಯದು ಲೋಕಲ್ ರೈಲಿನಲ್ಲಿ ಶುರುವಾಗಿದೆ.