ನೋರಿಯ ಎಲೆಗಳಲ್ಲಿ ಕೆಂಪು ಕಲೆ, ಬಳಿಕ ತೂತು: ಇದು ಯಾವ ಪರಾವಲಂಬಿ?

ಪ್ರಶ್ನೆ: ಬಲೆಗಳ ಮೇಲೆ ಬೆಳೆಸಿರುವ ನೋರಿ ಕಡಲಪಾಚಿಯ ಎಲೆಗಳಲ್ಲಿ ತುಕ್ಕುಬಣ್ಣದ ಸಣ್ಣ ಕಲೆಗಳು ಕಾಣಿಸಿಕೊಂಡು, ಬಹುಬೇಗ ಒಂದಕ್ಕೊಂದು ಕೂಡಿ, ತೂತು ಬಿದ್ದು ಎಲೆಗಳು ಹರಿಯುತ್ತಿವೆ. ಜೋರು ಮಳೆಯ ನಂತರ ಇದು ಹೆಚ್ಚಾಗಿದೆ. ಸಾಮಾನ್ಯ ಶಿಲೀಂಧ್ರನಾಶಕವನ್ನು ಬಳಸಬಹುದೇ?

ಉತ್ತರ: ದಯವಿಟ್ಟು ಬಳಸಬೇಡಿ. ತಾವು ವಿವರಿಸಿರುವ ಲಕ್ಷಣಗಳು ಕೆಂಪು ಕೊಳೆರೋಗಕ್ಕೆ ಹೊಂದುತ್ತವೆ. ಅದಕ್ಕೆ ಕಾರಣವಾದ ಪಿಥಿಯಂ ಪೋರ್ಫೈರೇ ನೋಟಕ್ಕೆ ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರವಲ್ಲ, ಊಮೈಸೀಟ್ ಎಂಬ ಬೇರೆಯೇ ಸೂಕ್ಷ್ಮಜೀವಿಗಳ ಗುಂಪಿಗೆ ಸೇರಿದ್ದು. ಅನೇಕ ಶಿಲೀಂಧ್ರನಾಶಕಗಳು ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ಎಂಬ ವಸ್ತುವಿನ ತಯಾರಿಕೆಯನ್ನು ತಡೆದು ಕೆಲಸ ಮಾಡುತ್ತವೆ. ಪಿಥಿಯಂ ಅದನ್ನು ತಯಾರಿಸುವುದೇ ಇಲ್ಲ. ಮೇಲಾಗಿ ಇದು ತಿನ್ನುವ ಬೆಳೆ, ಸುತ್ತ ಇರುವುದು ತೆರೆದ ನೀರು.

ಆದರೆ ಬರಿಗಣ್ಣಿನ ನೋಟವನ್ನಷ್ಟೇ ನಂಬಿ ನಿರ್ಧರಿಸುವುದು ಸರಿಯಲ್ಲ. ನೋರಿಯ ಎಲೆ ಬಹುಮಟ್ಟಿಗೆ ಒಂದೇ ಜೀವಕೋಶದಷ್ಟು ದಪ್ಪವಿರುವುದರಿಂದ ಸೀಳದೆಯೇ ಕಲೆಯ ಅಂಚಿನ ಒಂದು ತುಣುಕನ್ನು ಸೂಕ್ಷ್ಮದರ್ಶಕದಡಿ ಇಡಬಹುದು. ತೆಳುವಾದ ಎಳೆಗಳು ಒಂದು ಕೋಶದಿಂದ ಮತ್ತೊಂದಕ್ಕೆ ತೂರಿಕೊಂಡು ಸಾಗಿದ್ದರೆ ಅದು ಪಿಥಿಯಂ. ಎಳೆಗಳೇ ಇಲ್ಲದೆ ಕೋಶದೊಳಗೆ ದುಂಡನೆಯ ಕಾಯಗಳು ತುಂಬಿಕೊಂಡಿದ್ದರೆ ಅದು ಅದೇ ಗುಂಪಿನ ಮತ್ತೊಂದು ಪರಾವಲಂಬಿ, ಓಲ್ಪಿಡಿಯೋಪ್ಸಿಸ್. ಎರಡೂ ಈಜಬಲ್ಲ ಚಲಬೀಜಕಗಳ ಮೂಲಕ ಹರಡುತ್ತವೆ; ಆದ್ದರಿಂದ ಬಲೆಗಳು ಒತ್ತೊತ್ತಾಗಿದ್ದು ನೀರಿನ ಓಡಾಟ ಕಡಿಮೆಯಿದ್ದಲ್ಲಿ ರೋಗ ಬಲುಬೇಗ ಹಬ್ಬುತ್ತದೆ. ಮಳೆಯಿಂದ ಲವಣಾಂಶ ತಗ್ಗುವುದು ಮತ್ತು ನೀರು ಬೆಚ್ಚಗಿರುವುದು ಕೆಂಪು ಕೊಳೆರೋಗಕ್ಕೆ ಅನುಕೂಲ.

ಪ್ರಶ್ನಿಸಿದವರು: ನೋಡಿದೆ. ಹೆಚ್ಚಿನ ತುಣುಕುಗಳಲ್ಲಿ ಎಳೆಗಳಿವೆ, ಕೆಲವದರಲ್ಲಿ ದುಂಡು ಕಾಯಗಳೂ ಇವೆ.

ಉತ್ತರ: ಹಾಗಾದರೆ ಎರಡೂ ಸೇರಿವೆ ಎಂದೇ ಭಾವಿಸಿ ಮುಂದುವರಿಯಿರಿ. ಬಲೆಗಳನ್ನು ನೀರಿನಿಂದ ಮೇಲೆತ್ತಿ ಗಾಳಿಗೆ ಒಣಗಿಸುವುದು ಮೊದಲ ಕ್ರಮ: ಕಡಲಿನ ಉಬ್ಬರವಿಳಿತದ ನಡುವೆ ಬೆಳೆಯುವ ನೋರಿ ಬಹುಪಾಲು ನೀರನ್ನು ಕಳೆದುಕೊಂಡರೂ ಚೇತರಿಸಿಕೊಳ್ಳುತ್ತದೆ, ಪರಾವಲಂಬಿಗಳಿಗೆ ಆ ತಾಳಿಕೆ ಅಷ್ಟಿಲ್ಲ. ಜಪಾನ್ ಮತ್ತು ಕೊರಿಯಾದ ಸಾಗುವಳಿಯಲ್ಲಿ ಬಲೆಯನ್ನು ಅಲ್ಪಕಾಲ ಆಮ್ಲದ್ರಾವಣದಲ್ಲಿ ಅದ್ದುವ ಪದ್ಧತಿಯೂ ಇದೆ. ಅದು ಎಲೆಗೆ ಅಂಟಿದ ಡಯಾಟಂಗಳೆಂಬ ಏಕಕೋಶ ಸೂಕ್ಷ್ಮಪಾಚಿಗಳನ್ನೂ ಹಸಿರು ಪಾಚಿಯನ್ನೂ ತೆಗೆಯುತ್ತದೆ. ಓಲ್ಪಿಡಿಯೋಪ್ಸಿಸ್ ವಿಷಯದಲ್ಲಿ ಮಾತ್ರ ಅದರ ಮೇಲೆ ಹೆಚ್ಚು ಭರವಸೆ ಇಡಲಾರೆ. ಯಾವ ಆಮ್ಲಕ್ಕೆ ಅನುಮತಿಯಿದೆ, ಉಳಿದ ದ್ರಾವಣವನ್ನು ಎಲ್ಲಿ ಸುರಿಯಬೇಕು ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ.

ಮತ್ತೊಬ್ಬ ಓದುಗರು: ತೀವ್ರವಾಗಿ ಸೋಂಕು ತಗುಲಿದ ಬಲೆಗಳನ್ನು ಉಳಿಸಿಕೊಳ್ಳಲು ಹೆಣಗುವುದಕ್ಕಿಂತ, ಚೆನ್ನಾಗಿರುವ ಎಲೆಗಳನ್ನು ಬೇಗನೆ ಕೊಯ್ದು ಬಲೆಯನ್ನು ತೆಗೆದುಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ. ಎಳೆಯ ಮೊಳಕೆಗಳಿರುವ, ಸೋಂಕು ತಗುಲದ ಬಲೆಗಳು ಕೈಯಲ್ಲಿದ್ದರೆ ಅವನ್ನು ಅರೆಯಾಗಿ ಒಣಗಿಸಿ ಸುಮಾರು −20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೈತ್ಯೀಕರಿಸಿಡಿ. ನೀರು ತಣ್ಣಗಾಗಿ ರೋಗದ ಹಾವಳಿ ಇಳಿದ ಮೇಲೆ, ಸಾಲುಗಳ ನಡುವೆ ಹೆಚ್ಚು ಅಂತರವಿಟ್ಟು ಮತ್ತೆ ಕಡಲಿಗಿಳಿಸಬಹುದು.